ಮೆಲಟೋನಿನ್ ಯಾವುದು ಕೊಳ್ಳಬೇಕು, ಕಣ್ಣಿಗೆ ಏನು ಮಾಡಬೇಕು: ಪಾರ್ಕಿನ್ಸನ್ ಇರುವವರ ಮನೆಯವರಿಗೆ ಒಂದು ಹೋಲಿಕೆ

ಹೋದ ಯುಗಾದಿಗೆ ಊರಿಗೆ ಬಂದಿದ್ದ ನಮ್ಮ ಚಿಕ್ಕಪ್ಪನ ಮಗ ಪಾರ್ಕಿನ್ಸನ್ (ಕೈ ನಡುಗಿಸುವ, ನಡಿಗೆ ನಿಧಾನ ಮಾಡುವ ನರರೋಗ) ಇರುವ ನಮ್ಮ ಅಪ್ಪಾಜಿ ಕೈಗೆ ಒಂದು ಡಬ್ಬಿ ಇಟ್ಟ. ಮೆಲಟೋನಿನ್ ಗಮ್ಮಿ, ಅಂದರೆ ನಿದ್ದೆಗೆ ಅಂತ ಮಾರುವ ಜೆಲ್ಲಿ ಮಿಠಾಯಿ. "ದೊಡ್ಡಪ್ಪಾ, ರಾತ್ರಿ ಮಲಗುವಾಗ ಒಂದು ತಿನ್ನಿ. ನಿದ್ದೆಗೂ ಒಳ್ಳೇದು, ಕಣ್ಣಿಗೂ ಒಳ್ಳೇದಂತೆ" ಅಂದ. ಪ್ರೀತಿಯಿಂದಲೇ ತಂದಿದ್ದ. ಅಪ್ಪಾಜಿ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಓದಲು ನೋಡಿದರು. ಆಗಲಿಲ್ಲ. ನನ್ನ ಕಡೆ ಚಾಚಿ, "ನೀನೇ ನೋಡವ್ವ, ಏನು ಬರೆದಿದ್ದಾರೆ ಇದರಲ್ಲಿ" ಅಂದರು.

ಆವತ್ತು ಡಬ್ಬಿ ನೋಡಲು ಕೂತವಳು ತಿಂಗಳುಗಟ್ಟಲೆ ಇದರ ಹಿಂದೆಯೇ ಬಿದ್ದೆ. ನರರೋಗ ಡಾಕ್ಟರನ್ನು ಕೇಳಿದೆ, ಕಣ್ಣಿನ ಡಾಕ್ಟರನ್ನು ಕೇಳಿದೆ, ಸಿಕ್ಕಿದ್ದನ್ನೆಲ್ಲ ಓದಿದೆ. ಈಗ ದಾವಣಗೆರೆಯಲ್ಲಿ ನಮ್ಮ ಪರಿಚಯದವರಲ್ಲಿ ಯಾರ ಮನೆಯಲ್ಲಿ ಪಾರ್ಕಿನ್ಸನ್ ಇದ್ದರೂ ನನಗೆ ಫೋನ್ ಬರುತ್ತದೆ, "ಮೆಲಟೋನಿನ್ ಕೊಡಬಹುದಾ, ಯಾವುದು ಕೊಡಬೇಕು, ಕಣ್ಣಿಗೆ ಏನಾದರೂ ಉಪಯೋಗ ಇದೆಯಾ" ಅಂತ. ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಮನೆಯಲ್ಲಿ ನೋಡಿಕೊಳ್ಳುವವಳು. ಯಾವ ಮಾತ್ರೆ ಶುರು ಮಾಡುವ ಮುಂಚೆಯೂ ನಿಮ್ಮ ಡಾಕ್ಟರನ್ನು ಕೇಳಿ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮೆಲಟೋನಿನ್ ಬೇಕಾದರೆ ನಿದ್ದೆಗೋಸ್ಕರ ತಗೊಳ್ಳಿ. ಕಣ್ಣಿಗೋಸ್ಕರ ತಗೊಳ್ಳಬೇಡಿ. ಕಣ್ಣಿಗೆ ಅಂತ ಎತ್ತಿಟ್ಟ ದುಡ್ಡನ್ನು ಹನಿಗೆ, ಸರಿಯಾದ ಕನ್ನಡಕಕ್ಕೆ, ವರ್ಷಕ್ಕೊಮ್ಮೆ ತಪಾಸಣೆಗೆ ಹಾಕಿ.

ಕಣ್ಣಿಗೂ ಮೆಲಟೋನಿನ್‌ಗೂ ನಂಟು ಇರುವುದಂತೂ ನಿಜ

ಮೆಲಟೋನಿನ್ ಅಂದರೆ ಕತ್ತಲಾದ ಮೇಲೆ ಮಿದುಳಿನ ಒಳಗಿರುವ ಪೀನಿಯಲ್ ಅನ್ನುವ ಸಣ್ಣ ಗ್ರಂಥಿ ಬಿಡುವ ಹಾರ್ಮೋನು. 1958ರಲ್ಲಿ ಅಮೆರಿಕದ ಏರನ್ ಲರ್ನರ್ ಅನ್ನುವ ಚರ್ಮರೋಗ ತಜ್ಞರು ಮತ್ತು ಅವರ ಜೊತೆಯವರು ಇದನ್ನು ಮೊದಲು ಬೇರ್ಪಡಿಸಿದರು. ಜಾಸ್ತಿ ಜನಕ್ಕೆ ಗೊತ್ತಿಲ್ಲದ ಸಂಗತಿ ಏನೆಂದರೆ ಕಣ್ಣಿನ ಹಿಂಭಾಗದ ರೆಟಿನಾ ಕೂಡ ರಾತ್ರಿ ಹೊತ್ತು ತನ್ನದೇ ಮೆಲಟೋನಿನ್ ಮಾಡಿಕೊಳ್ಳುತ್ತದೆ. ಅದೇ ರೆಟಿನಾದಲ್ಲಿ ಹಗಲು ಹೊತ್ತು ಡೋಪಮೈನ್ ಅನ್ನುವ, ನರಕೋಶಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕ ಕೆಲಸ ಮಾಡುತ್ತದೆ.

ಅಪ್ಪಾಜಿ ಇಲ್ಲಿಯ ಹತ್ತಿ ಗಿರಣಿಯಲ್ಲಿ ಪಾಳಿ ಮೇಲೆ ದುಡಿದವರು. ಅವರಿಗೆ ನಾನು ಹೀಗೆ ಹೇಳಿದೆ: ಕಣ್ಣಿನಲ್ಲೂ ಎರಡು ಪಾಳಿ ಇದೆ ಅಪ್ಪಾಜಿ, ಹಗಲು ಪಾಳಿಗೆ ಡೋಪಮೈನ್, ರಾತ್ರಿ ಪಾಳಿಗೆ ಮೆಲಟೋನಿನ್. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ. ಪಾರ್ಕಿನ್ಸನ್ ಬಂದಾಗ ಮಿದುಳಿನಲ್ಲಿ ಕಮ್ಮಿಯಾಗುವ ಡೋಪಮೈನ್ ಕಣ್ಣಿನಲ್ಲೂ ಕಮ್ಮಿಯಾಗುತ್ತದೆ, ಅಂದರೆ ಹಗಲು ಪಾಳಿಗೆ ಆಳು ಸಾಲದು. "ಹಂಗಾದರೆ ರಾತ್ರಿ ಪಾಳಿಯವರನ್ನ ಜಾಸ್ತಿ ಕರೆದರೆ ಹಗಲಿನ ಕೆಲಸ ಆಗುತ್ತಾ?" ಅಂತ ಅವರೇ ಕೇಳಿದರು. ನಾನು ಓದಿದ್ದೆಲ್ಲದರ ಸಾರ ಆ ಒಂದು ಪ್ರಶ್ನೆಯಲ್ಲಿತ್ತು.

ಹಾಗಾದರೆ ಕಣ್ಣಿಗೆ ಒಳ್ಳೇದು ಅನ್ನುವ ಮಾತು ಎಲ್ಲಿಂದ ಬಂತು? 2024ರಲ್ಲಿ ಅಮೆರಿಕದಲ್ಲಿ ಆಸ್ಪತ್ರೆಗಳ ದಾಖಲೆ ತೆಗೆದು ನೋಡಿದಾಗ, 50 ದಾಟಿದವರಲ್ಲಿ ಮೆಲಟೋನಿನ್ ತಗೊಳ್ಳುತ್ತಿದ್ದವರಿಗೆ ವಯಸ್ಸಿಗೆ ಬರುವ ಮ್ಯಾಕ್ಯುಲಾ ಸವೆತ (ನೇರ ನೋಟಕ್ಕೆ ಬೇಕಾದ ರೆಟಿನಾದ ನಡುಭಾಗ ಹಾಳಾಗುವುದು) ಕಮ್ಮಿ ಕಂಡಿತು. ಸುದ್ದಿ ಹಬ್ಬಿತು. ಆದರೆ ಅದು ದಾಖಲೆ ನೋಡಿ ಮಾಡಿದ ಲೆಕ್ಕ, ಮಾತ್ರೆ ಕೊಟ್ಟು ಪರೀಕ್ಷೆ ಮಾಡಿದ್ದಲ್ಲ. ಮೆಲಟೋನಿನ್ ತಗೊಳ್ಳುವವರು ಬೇರೆ ರೀತಿಯಲ್ಲೂ ಆರೋಗ್ಯ ಜಾಸ್ತಿ ನೋಡಿಕೊಳ್ಳುವವರಾಗಿರಬಹುದು ಅಲ್ವಾ? ಮೇಲಾಗಿ ಮ್ಯಾಕ್ಯುಲಾ ಸವೆತವೇ ಬೇರೆ, ಪಾರ್ಕಿನ್ಸನ್‌ನಲ್ಲಿ ಕಣ್ಣು ಕೊಡುವ ತೊಂದರೆಯೇ ಬೇರೆ. ಇನ್ನೊಂದು ಕಡೆ, 1990ರ ದಶಕದಲ್ಲಿ ಬಿಳಿ ಇಲಿಗಳಿಗೆ ಮೆಲಟೋನಿನ್ ಚುಚ್ಚಿ ಜೋರು ಬೆಳಕಿಗೆ ಒಡ್ಡಿದಾಗ ರೆಟಿನಾದ ಜೀವಕೋಶಗಳಿಗೆ ಹಾನಿ ಜಾಸ್ತಿಯಾಗಿದ್ದೂ ಇದೆ. ಇಲಿಯ ಕಣ್ಣು ಮನುಷ್ಯರ ಕಣ್ಣಲ್ಲ, ಹೆದರಬೇಕಾಗಿಲ್ಲ. ಆದರೂ ಅದನ್ನು ಓದಿದ ಮೇಲೆ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡೆವು. ಮಾತ್ರೆ ತಗೊಂಡ ಮೇಲೆ ಟ್ಯೂಬ್‌ಲೈಟ್ ಇಲ್ಲ, ಮೊಬೈಲ್ ಇಲ್ಲ, ಹಗಲು ಹೊತ್ತಂತೂ ಮಾತ್ರೆಯೇ ಇಲ್ಲ.

ಕಣ್ಣಿನ ಒತ್ತಡವನ್ನು ಮೆಲಟೋನಿನ್ ಸ್ವಲ್ಪ ಇಳಿಸುತ್ತದೆ ಅಂತ ಸಣ್ಣ ಅಧ್ಯಯನಗಳು ಹೇಳುತ್ತವೆ. ಅದನ್ನು ನಂಬಿ ಯಾರೂ ಗ್ಲಾಕೋಮಾಕ್ಕೆ (ಕಣ್ಣಿನ ಒತ್ತಡದಿಂದ ಕಣ್ಣಿನ ನರ ಕೆಡುವ ಕಾಯಿಲೆ) ಹಾಕುವ ಹನಿ ನಿಲ್ಲಿಸಬೇಡಿ.

ನಿದ್ದೆಗೆ ಯಾವುದು

ಮೊದಲು ನಿಮ್ಮ ಮನೆಯವರ ನಿದ್ದೆ ಹೇಗೆ ಕೆಟ್ಟಿದೆ ಅಂತ ನೋಡಿ. ನಿದ್ದೆ ಹತ್ತುವುದೇ ಕಷ್ಟವಾ, ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ಬರುವುದಿಲ್ಲವಾ, ಅಥವಾ ಕನಸಿನಲ್ಲಿ ಕೂಗಾಡಿ ಕೈಕಾಲು ಬೀಸುತ್ತಾರಾ? ಅಪ್ಪಾಜಿಗೆ ಮೂರನೆಯದು. ನಡುರಾತ್ರಿ "ಹಿಡೀರಿ, ಹಿಡೀರಿ" ಅಂತ ಕೂಗುತ್ತಾ ಗೋಡೆಗೆ ಗುದ್ದುತ್ತಿದ್ದರು, ಒಂದು ಸಲ ಮಂಚದಿಂದ ಬಿದ್ದು ಹುಬ್ಬಿನ ಮೇಲೆ ಗಾಯವಾಯಿತು. ಅವ್ವ ಹೇಳುವ ಪ್ರಕಾರ ಇದು ಕೈ ನಡುಕ ಶುರುವಾಗುವ ಎಷ್ಟೋ ವರ್ಷ ಮುಂಚೆಯೇ ಇತ್ತು. ಡಾಕ್ಟರೂ ಅದನ್ನೇ ಹೇಳಿದರು, ಎಷ್ಟೋ ಜನರಲ್ಲಿ ಈ ಕನಸಿನ ಗುದ್ದಾಟವೇ ಮೊದಲು ಬರುತ್ತದೆ, ನಡುಕ ಆಮೇಲೆ.

ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸಾದಾ 3 ಮಿ.ಗ್ರಾಂ ಮಾತ್ರೆ, ನಿಧಾನವಾಗಿ ಕರಗುವ 2 ಮಿ.ಗ್ರಾಂ ಮಾತ್ರೆ, ಆನ್‌ಲೈನ್‌ನಲ್ಲಿ ಬರುವ ಗಮ್ಮಿ ಮತ್ತು ನಾಲಿಗೆ ಮೇಲೆ ಕರಗುವ ಪಟ್ಟಿ, ಇವು ಮೆಲಟೋನಿನ್‌ನಲ್ಲೇ ಇರುವ ಆಯ್ಕೆಗಳು. ಮೆಲಟೋನಿನ್ ಬಿಟ್ಟರೆ ಕ್ಲೋನಜೆಪಾಮ್ ಅನ್ನುವ ಮಂಪರು ಬರಿಸುವ ಮಾತ್ರೆ. ಎಲ್ಲಕ್ಕಿಂತ ಮೊದಲು ಬೆಳಗಿನ ಬಿಸಿಲು, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಆರಿಸಿದ್ದು ಸಾದಾ ಮಾತ್ರೆ. ಇದು ದೇಹದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ, ಸುಮಾರು ಮುಕ್ಕಾಲು ಗಂಟೆ, ಒಂದು ಗಂಟೆಗೆಲ್ಲ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ನಿದ್ದೆ ಹತ್ತದವರಿಗೆ ಇದೇ ಸಾಕು. ಕನಸಿನ ಗುದ್ದಾಟಕ್ಕೂ ಅಮೆರಿಕದ ನಿದ್ರಾ ವೈದ್ಯರ ಸಂಘ 2023ರ ತನ್ನ ಮಾರ್ಗಸೂಚಿಯಲ್ಲಿ ಹೆಸರಿಸಿರುವುದು ಇದೇ ಸಾದಾ ಮಾತ್ರೆಯನ್ನು. ಅದೂ ಖಡಾಖಂಡಿತವಾಗಿ ಅಲ್ಲ, ನೋಡಿಕೊಂಡು ಕೊಡಬಹುದು ಅನ್ನುವ ಮಟ್ಟದಲ್ಲಿ. ಡಾಕ್ಟರುಗಳು 3 ಮಿ.ಗ್ರಾಂನಿಂದ ಶುರು ಮಾಡಿ, ಸಾಲದಿದ್ದರೆ 6ಕ್ಕೆ, ಕೆಲವರಿಗೆ 12ರವರೆಗೂ ನಿಧಾನವಾಗಿ ಏರಿಸುತ್ತಾರೆ. ಏರಿಸುವುದು ಡಾಕ್ಟರ ಕೆಲಸ, ನಮ್ಮದಲ್ಲ.

ನಿಧಾನ ಮಾತ್ರೆಯ ಲೆಕ್ಕ ಬೇರೆ. ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ನಡುವೆ ಎಚ್ಚರವಾಗುವವರಿಗೆ ಇದು ಸರಿ ಅನ್ನಿಸುತ್ತದೆ, ಯುರೋಪಿನಲ್ಲಿ 55 ದಾಟಿದವರ ನಿದ್ರಾಹೀನತೆಗೆ 2007ರಿಂದ ಡಾಕ್ಟರ ಚೀಟಿಯ ಮೇಲೆ ಕೊಡುತ್ತಾರೆ. ಆದರೆ ಕನಸಿನ ಗುದ್ದಾಟಕ್ಕೆ? ಆಸ್ಟ್ರೇಲಿಯಾದಲ್ಲಿ ಪಾರ್ಕಿನ್ಸನ್ ಇರುವ 30 ಜನಕ್ಕೆ ನಿಧಾನ ಮಾತ್ರೆ 4 ಮಿ.ಗ್ರಾಂ ಅಥವಾ ಖಾಲಿ ಮಾತ್ರೆ ಕೊಟ್ಟು 8 ವಾರ ನೋಡಿದರು, ಫಲಿತಾಂಶ 2020ರಲ್ಲಿ ಬಂತು. ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ನಮ್ಮ ಮನೆಗೆ ಇನ್ನೊಂದು ತೊಡಕೂ ಇತ್ತು. ಪಾರ್ಕಿನ್ಸನ್‌ನಲ್ಲಿ ನುಂಗುವುದು ಕಷ್ಟವಾಗುತ್ತಾ ಹೋಗುತ್ತದೆ, ಆಗ ಮನೆಯವರು ಮಾತ್ರೆಯನ್ನು ಚಮಚದಲ್ಲಿ ಪುಡಿ ಮಾಡಿ ಬಾಳೆಹಣ್ಣಿಗೆ ಕಲಸಿ ಕೊಡುತ್ತಾರೆ. ನಿಧಾನ ಮಾತ್ರೆಯನ್ನು ಪುಡಿ ಮಾಡಿದರೆ ಅದು ನಿಧಾನ ಮಾತ್ರೆಯಾಗಿ ಉಳಿಯುವುದಿಲ್ಲ, ಪೂರ್ತಿ ಡೋಸ್ ಒಂದೇ ಸಲ ಒಳಗೆ ಹೋಗುತ್ತದೆ. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಪಾರ್ಕಿನ್ಸನ್‌ನ ಮುಖ್ಯ ಔಷಧಿ, ಅದರ ನಿಧಾನ ಮಾತ್ರೆಗೂ ಇದೇ ಮಾತು. ಪುಡಿ ಮಾಡಿ ಕೊಡುವ ಅಭ್ಯಾಸ ಇರುವವರು ದಯವಿಟ್ಟು ಡಾಕ್ಟರಿಗೆ ಹೇಳಿ.

ಗಮ್ಮಿ ವಿಷಯಕ್ಕೆ ಬರೋಣ. ರುಚಿ ಚೆನ್ನಾಗಿದೆ, ನಿಜ. ಆದರೆ ಒಳಗೆ ಎಷ್ಟಿದೆ ಅನ್ನುವುದೇ ಗಟ್ಟಿ ಇಲ್ಲ. 2017ರಲ್ಲಿ ಕೆನಡಾದಲ್ಲಿ ಅಂಗಡಿಗಳಿಂದ 31 ಬಗೆಯ ಮೆಲಟೋನಿನ್ ತಂದು ಪರೀಕ್ಷೆ ಮಾಡಿದಾಗ, ಕೆಲವದರಲ್ಲಿ ಡಬ್ಬಿ ಮೇಲೆ ಬರೆದದ್ದಕ್ಕಿಂತ 83 ಶೇಕಡಾ ಕಮ್ಮಿ, ಕೆಲವದರಲ್ಲಿ 478 ಶೇಕಡಾ ಜಾಸ್ತಿ ಇತ್ತು. 8ರಲ್ಲಿ ಹೆಸರೇ ಹಾಕದ ಸೆರೊಟೋನಿನ್ ಅನ್ನುವ ಬೇರೆ ರಾಸಾಯನಿಕ ಕೂಡ ಸಿಕ್ಕಿತು. 2023ರಲ್ಲಿ ಅಮೆರಿಕದಲ್ಲಿ 25 ಗಮ್ಮಿಗಳನ್ನು ನೋಡಿದಾಗ 22ರ ಲೇಬಲ್ ತಪ್ಪು, ಒಂದರಲ್ಲಂತೂ ಮೆಲಟೋನಿನ್ನೇ ಇರಲಿಲ್ಲ. ಇವು ನಮ್ಮ ದೇಶದ ಡಬ್ಬಿಗಳಲ್ಲ. ಆದರೆ ಅಲ್ಲೇ ಹೀಗಾದರೆ, ಆರೇಳು ಬಗೆಯ ಮಾತ್ರೆ ಮೊದಲೇ ತಗೊಳ್ಳುತ್ತಿರುವ 74 ವರ್ಷದವರಿಗೆ ಅಂದಾಜಿನ ಮೇಲೆ ಕೊಡಲು ನನಗೆ ಮನಸ್ಸು ಬರಲಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಗಮ್ಮಿಯಲ್ಲಿರುವ ಸಕ್ಕರೆ ಬೇರೆ. ಅಂಟಂಟಾಗಿರುವುದರಿಂದ ನುಂಗುವ ತೊಂದರೆ ಇರುವವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಬೇರೆ. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಅವರು ಚಾಕಲೇಟು ಅಂತ ತಿಂದುಬಿಡುತ್ತಾರೆ.

ನಾಲಿಗೆ ಮೇಲೆ ಕರಗುವ ಪಟ್ಟಿಗೆ ನಾನು ಅಷ್ಟು ವಿರೋಧಿ ಅಲ್ಲ. ನುಂಗುವುದು ಬಹಳ ಕಷ್ಟ ಇರುವವರಿಗೆ ಅನುಕೂಲ. ಆದರೆ ಲೇಬಲ್ ಓದಿ, ಎಷ್ಟೋ ಪಟ್ಟಿಗಳಲ್ಲಿ 10 ಮಿ.ಗ್ರಾಂ ಇರುತ್ತದೆ, ಜೊತೆಗೆ ಬೇರೆ ಬೇರೆ ಗಿಡಮೂಲಿಕೆ ಸೇರಿಸಿರುತ್ತಾರೆ. ಒಂದೇ ವಸ್ತು ಇರುವುದನ್ನು ಆರಿಸಿ. ಮೆಡಿಕಲ್ ಶಾಪ್‌ನಲ್ಲಿ ಕೊಳ್ಳುವಾಗಲೂ ಅಷ್ಟೇ. ಒಂದು ಅಂಗಡಿಯಲ್ಲಿ ನನಗೆ 3ರ ಬದಲು 10ರ ಸ್ಟ್ರಿಪ್ ಕೊಟ್ಟಿದ್ದರು, "ಎಲ್ಲಾ ಒಂದೇ, ಅರ್ಧ ಮಾಡಿ ಕೊಡಿ" ಅಂದರು. ಒಂದೇ ಅಲ್ಲ. ಮಾರನೆಯ ದಿನ ಮಧ್ಯಾಹ್ನದವರೆಗೂ ಅಪ್ಪಾಜಿ ಮಂಕಾಗಿ ಕೂತಿದ್ದರು, ಏಳುವಾಗ ತೂರಾಡಿದರು. ಆವತ್ತಿನಿಂದ ಸ್ಟ್ರಿಪ್ ಹಿಂದೆ ಬರೆದ ಅಂಕಿ ಓದದೆ ದುಡ್ಡು ಕೊಡುವುದಿಲ್ಲ.

ಜಾಸ್ತಿ ಡೋಸ್ ಅಂದರೆ ಜಾಸ್ತಿ ನಿದ್ದೆ ಅನ್ನುವುದೂ ಸುಳ್ಳು. 2005ರ ಒಂದು ಅಧ್ಯಯನದಲ್ಲಿ ಪಾರ್ಕಿನ್ಸನ್ ಇರುವ 40 ಜನಕ್ಕೆ 5 ಮತ್ತು 50 ಮಿ.ಗ್ರಾಂ ಕೊಟ್ಟು ಹೋಲಿಸಿದರು. 50 ಮಿ.ಗ್ರಾಂ ಕೊಟ್ಟಾಗ ರಾತ್ರಿ ನಿದ್ದೆ ಹೆಚ್ಚಿದ್ದು ಸುಮಾರು ಹತ್ತು ನಿಮಿಷ ಮಾತ್ರ. ನಿದ್ದೆ ಚೆನ್ನಾಗಿ ಬಂತು ಅಂತ ಜನ ಹೇಳಿದ್ದು 5 ಮಿ.ಗ್ರಾಂ ತಗೊಂಡಾಗ.

ಕ್ಲೋನಜೆಪಾಮ್ ಕನಸಿನ ಗುದ್ದಾಟಕ್ಕೆ ಹಳೆಯ ಔಷಧಿ. ಕೆಲಸ ಮಾಡುತ್ತದೆ, ಡಾಕ್ಟರ ಚೀಟಿ ಬೇಕೇ ಬೇಕು. ಆದರೆ ವಯಸ್ಸಾದವರಿಗೆ ಬೀಳುವ ಭಯ, ಬೆಳಗಿನ ಗೊಂದಲ, ಬಿಡಲಾಗದಂತೆ ಅಭ್ಯಾಸವಾಗುವುದು, ಗೊರಕೆಯ ಜೊತೆ ಉಸಿರು ಕಟ್ಟುವವರಿಗೆ ಅದು ಇನ್ನೂ ಕೆಡುವುದು, ಇಷ್ಟೂ ಇದೆ. ಮರೆವು ಶುರುವಾಗಿರುವವರಿಗೆ ಇನ್ನೂ ಹುಷಾರು ಬೇಕು. ಈ ಕಾರಣಕ್ಕೆ ನಮ್ಮ ಡಾಕ್ಟರು ಮೊದಲು ಮೆಲಟೋನಿನ್ ನೋಡೋಣ ಅಂದರು. ನಿಮ್ಮವರು ಈಗಾಗಲೇ ಕ್ಲೋನಜೆಪಾಮ್ ತಗೊಳ್ಳುತ್ತಿದ್ದರೆ ಇದನ್ನು ಓದಿ ಏಕಾಏಕಿ ನಿಲ್ಲಿಸಬೇಡಿ, ಅಪಾಯ.

ಇನ್ನು ಬಿಸಿಲು. 2017ರಲ್ಲಿ ಬಂದ ಒಂದು ಪರೀಕ್ಷೆಯಲ್ಲಿ ಪಾರ್ಕಿನ್ಸನ್ ಇರುವ 31 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಜೋರು ಬೆಳಕಿನ ಪೆಟ್ಟಿಗೆ, ಇನ್ನೊಂದಕ್ಕೆ ಮಂದ ಬೆಳಕು, ದಿನಕ್ಕೆರಡು ಸಲ ಒಂದೊಂದು ಗಂಟೆ, ಎರಡು ವಾರ. ಜೋರು ಬೆಳಕಿನವರಿಗೆ ಹಗಲು ತೂಕಡಿಕೆ ಇಳಿಯಿತು. ದಾವಣಗೆರೆಯಲ್ಲಿ ಪೆಟ್ಟಿಗೆ ಯಾಕೆ? ಬೆಳಿಗ್ಗೆ ಏಳೂವರೆಗೆ ನಾವು ಕುಂದುವಾಡ ಕೆರೆ ಏರಿ ಮೇಲೆ ಅರ್ಧ ಗಂಟೆ ಇರುತ್ತೇವೆ. ಸೂರ್ಯನನ್ನು ನೇರ ನೋಡುವುದಲ್ಲ, ಸುಮ್ನೆ ಬೆಳಕಿನಲ್ಲಿ ನಡೆಯುವುದು, ಆಗಾಗ ಕೂರುವುದು. ಅದರ ಜೊತೆ ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಇಳಿಸಿದೆವು. ಮೂರು ವಾರದಲ್ಲಿ ಅಪ್ಪಾಜಿ ಹತ್ತು ಗಂಟೆಗೆ ತಾವಾಗಿಯೇ ಹಾಸಿಗೆ ಕೇಳಲು ಶುರು ಮಾಡಿದರು. ಗುದ್ದಾಟ ಮಾತ್ರ ನಿಲ್ಲಲಿಲ್ಲ, ಅದಕ್ಕೇ ಮಾತ್ರೆ ಬಂದದ್ದು. ಮಾತ್ರೆ ಬಂದ ಮೇಲೆ ಕೂಗು ಇನ್ನೂ ಇದೆ, ಆದರೆ ಗೋಡೆಗೆ ಗುದ್ದುವುದು ಅಪರೂಪವಾಗಿದೆ. ಮಂಚ ತೆಗೆದು ನೆಲದ ಮೇಲೆ ಹಾಸಿಗೆ ಹಾಕಿದ್ದರಿಂದ ಆದ ಉಪಕಾರ ಮಾತ್ರೆಗಿಂತ ಕಮ್ಮಿಯೇನಲ್ಲ. ನೆಲದಿಂದ ಏಳಲು ಕಷ್ಟಪಡುವವರಿಗೆ ಮಾತ್ರ ತಗ್ಗು ಮಂಚವೇ ಸರಿ.

ಕಣ್ಣಿನ ಮಾತು

ಪಾರ್ಕಿನ್ಸನ್‌ನಲ್ಲಿ ಕಣ್ಣಿಗೆ ಬರುವ ತೊಂದರೆ ಒಂದಲ್ಲ, ಅದಕ್ಕೇ ಒಂದು ಮಾತ್ರೆಯಿಂದ ಹೋಗುವುದಿಲ್ಲ.

ಮೊದಲನೆಯದು ಒಣಗುವುದು. ನಾವು ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ರೆಪ್ಪೆ ಬಡಿಯುತ್ತೇವೆ. ಪಾರ್ಕಿನ್ಸನ್‌ನಲ್ಲಿ ಅದು ಕಮ್ಮಿಯಾಗುತ್ತದೆ. ಅಪ್ಪಾಜಿ ಟಿವಿ ನೋಡುವಾಗ ಗಡಿಯಾರ ಹಿಡಿದು ಎಣಿಸಿದೆ, ಆರು. ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಆಗುತ್ತದೆ, ಸಂಜೆಗೆ ಮಂಜಾಗುತ್ತದೆ, ವಿಚಿತ್ರವೆಂದರೆ ನೀರೂ ಸುರಿಯುತ್ತದೆ. ಇಲ್ಲಿ ಆಯ್ಕೆ ಎರಡು, ನೀರಿನಂಥ ಹನಿ ಅಥವಾ ಜೆಲ್. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಂತ ಬರುವ ಕೃತಕ ಕಣ್ಣೀರು ಹಗಲಿಗೆ ಸರಿ. ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಸಲ ಹಾಕಬೇಕಾದರೆ ಪ್ರಿಸರ್ವೇಟಿವ್ (ಹನಿ ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ್ದನ್ನೇ ಕೇಳಿ, ಬೆಲೆ ಜಾಸ್ತಿ ಆದರೂ ಪರವಾಗಿಲ್ಲ, ಯಾಕೆಂದರೆ ಆ ಪ್ರಿಸರ್ವೇಟಿವ್ ಮತ್ತೆ ಮತ್ತೆ ಬಿದ್ದರೆ ಕಣ್ಣಿನ ಮೇಲ್ಪದರವೇ ಕೆರಳುತ್ತದೆ. ಜೆಲ್ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಹಾಕಿದ ಮೇಲೆ ಎಲ್ಲಾ ಮಸುಕು. ರಾತ್ರಿ ಎರಡು ಸಲ ಬಚ್ಚಲಿಗೆ ಏಳುವವರಿಗೆ ಜೆಲ್ ಹಾಕಿ ಮಲಗಿಸಿದರೆ ಮಸುಕುಗಣ್ಣಿನಲ್ಲಿ ಎದ್ದು ಬೀಳುತ್ತಾರೆ, ಅವರಿಗೆ ನೀರಿನ ಹನಿಯೇ ವಾಸಿ. ಸಾದಾ ಬಾಟಲಿ ತೆರೆದ ಮೇಲೆ ಒಂದು ತಿಂಗಳಿಗೆ ಎಸೆಯಿರಿ, ತೆರೆದ ತಾರೀಖು ಅದರ ಮೇಲೆಯೇ ಬರೆಯಿರಿ. ಬೇಸಿಗೆಯಲ್ಲಿ ಫ್ಯಾನ್ ಮುಖಕ್ಕೆ ನೇರ ಬೀಸದ ಹಾಗೆ ಹಾಸಿಗೆ ತಿರುಗಿಸಿ. ನಡುಗುವ ಕೈಯಲ್ಲಿ ಅವರೇ ಹಾಕಿಕೊಳ್ಳಲು ಹೋದರೆ ಬಾಟಲಿಯ ತುದಿ ಕಣ್ಣಿಗೆ ಚುಚ್ಚುತ್ತದೆ. ನಾನು ಹಾಕುತ್ತೇನೆ, ತಲೆ ನನ್ನ ತೊಡೆ ಮೇಲಿಟ್ಟು, ಕೆಳ ರೆಪ್ಪೆ ಸ್ವಲ್ಪ ಎಳೆದು, ಒಂದೇ ಹನಿ.

ಹರಳೆಣ್ಣೆ ನೆತ್ತಿಗೆ ಹಾಕಿ, ಬೇಡ ಅನ್ನುವುದಿಲ್ಲ. ಕಣ್ಣಿನ ಒಳಗೆ ಬೇಡ. ಕೆಂಪಾಗಿದೆ ಅಂತ ಚೀಟಿ ಇಲ್ಲದೆ ಸ್ಟೀರಾಯ್ಡ್ ಹನಿಯೂ ಬೇಡ, ಅದು ಕಣ್ಣಿನ ಒತ್ತಡ ಏರಿಸುತ್ತದೆ.

ಎರಡನೆಯದು, ಎರಡೆರಡು ಕಾಣುವುದು. ಅಪ್ಪಾಜಿ ಒಂದು ಕಣ್ಣು ಮುಚ್ಚಿ ಓದುತ್ತಿದ್ದದ್ದು ಇದಕ್ಕೇ. ಹತ್ತಿರದ್ದನ್ನು ನೋಡುವಾಗ ಎರಡೂ ಕಣ್ಣು ಒಳಕ್ಕೆ ತಿರುಗಬೇಕು, ಪಾರ್ಕಿನ್ಸನ್‌ನಲ್ಲಿ ಅದು ಸೋಲುತ್ತದೆ, ಪೇಪರಿನ ಸಾಲು ಒಂದರ ಮೇಲೊಂದು ಏರುತ್ತದೆ. ನಾವು ಎರಡು ವರ್ಷ ಪೊರೆ ಅಂತ ತಿಳಿದು ಸುಮ್ಮನಿದ್ದೆವು. ಒಂದು ಕನ್ನಡಕದ ಅಂಗಡಿಯಲ್ಲಿ ದುಬಾರಿ ಪ್ರೊಗ್ರೆಸಿವ್ ಗಾಜು ಹಾಕಿಸಿಕೊಟ್ಟರು, ದೂರ ಹತ್ತಿರ ಎರಡೂ ಒಂದರಲ್ಲೇ ಅಂತ. ಅದರ ಕೆಳಭಾಗ ಓದುವ ಪವರ್ ಅಲ್ವಾ? ಮೆಟ್ಟಿಲು ಇಳಿಯುವಾಗ ಕೆಳಗೆ ನೋಡಿದರೆ ಮೆಟ್ಟಿಲೇ ಮಸುಕು. ಎರಡನೇ ದಿನವೇ ಕೊನೆಯ ಮೆಟ್ಟಿಲು ತಪ್ಪಿ ಕೂತುಬಿಟ್ಟರು, ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ಹಾಗಾಗಿ ನನ್ನ ಮಾತು ಕೇಳಿ: ಪ್ರೊಗ್ರೆಸಿವ್ ಅಥವಾ ಬೈಫೋಕಲ್ ಒಂದರ ಬದಲು, ಓಡಾಡಲು ಒಂದು ಓದಲು ಒಂದು, ಎರಡು ಸಾದಾ ಕನ್ನಡಕ. ಬೇರೆ ಬೇರೆ ಬಣ್ಣದ ಫ್ರೇಮ್ ಇರಲಿ, ಗೊಂದಲ ಆಗುವುದಿಲ್ಲ. ಓದುವುದರಲ್ಲಿ ಪ್ರಿಸಂ (ಎರಡು ಚಿತ್ರ ಒಂದಾಗುವಂತೆ ಬೆಳಕನ್ನು ಬಾಗಿಸುವ ಗಾಜು) ಬೇಕಾ ಅಂತ ಕಣ್ಣಿನ ಡಾಕ್ಟರು ಹೇಳುತ್ತಾರೆ. ಗಾಜಿಗೆ ಅಂಟಿಸುವ ತೆಳುವಾದ ಪ್ರಿಸಂ ಹಾಳೆಯೂ ಇದೆ, ಒಗ್ಗುತ್ತದಾ ಅಂತ ಮೊದಲು ಅದನ್ನು ಹಾಕಿ ನೋಡಬಹುದು. ಇನ್ನೊಂದು ಮುಖ್ಯ ವಿಷಯ. ಕಣ್ಣು ಪರೀಕ್ಷೆಗೆ ಹೋಗುವುದು ಲೆವೊಡೋಪಾ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ. ಮಾತ್ರೆಯ ಪ್ರಭಾವ ಇಳಿದಿರುವಾಗ ತೆಗೆದ ನಂಬರ್ ಬೇರೆ ಬರಬಹುದು. ನಾವು ಬೆಳಗಿನ ಮಾತ್ರೆ ಆಗಿ ಒಂದು ಗಂಟೆಗೆ ಸರಿಯಾಗಿ ಪರೀಕ್ಷೆ ಸಿಗುವ ಹಾಗೆ ಹೋಗುತ್ತೇವೆ. ದಾವಣಗೆರೆಯವರಿಗೆ ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾಸ್ಪತ್ರೆ, ಚಿತ್ರದುರ್ಗದವರಿಗೆ ಅಲ್ಲಿಯ ಜಿಲ್ಲಾಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇದೆ. ಹೋದ ತಕ್ಷಣ "ಇವರಿಗೆ ಪಾರ್ಕಿನ್ಸನ್ ಇದೆ" ಅಂತ ಬಾಯಿಬಿಟ್ಟು ಹೇಳಿ, ಸುಮ್ಮನೆ ಕಣ್ಣು ಮಂಜು ಅಂದರೆ ಪೊರೆ ನೋಡಿ ಕಳಿಸಬಹುದು.

ಮೂರನೆಯದು ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಅಪ್ಪಾಜಿ ಬಿಳಿ ತಟ್ಟೆಯಲ್ಲಿ ಹಾಕಿದ ಮೊಸರನ್ನ ಅರ್ಧಕ್ಕೇ ಬಿಡುತ್ತಿದ್ದರು. ಊಟ ಸೇರುತ್ತಿಲ್ಲ ಅಂದುಕೊಂಡೆವು. ಒಂದು ದಿನ ಮಂಡಕ್ಕಿಯನ್ನು ಕಡು ಹಸಿರು ಬಟ್ಟಲಲ್ಲಿ ಕೊಟ್ಟರೆ ಒಂದು ಕಾಳೂ ಬಿಡದೆ ತಿಂದರು. ಅವರಿಗೆ ಬಿಳಿ ಮೇಲೆ ಬಿಳಿ ಕಾಣುತ್ತಿರಲಿಲ್ಲ. ಬೋರ್ಡಿನ ಅಕ್ಷರ ಓದುತ್ತಾರೆ, ನಂಬರ್ ಸರಿ ಇದೆ, ಆದರೆ ಹತ್ತಿರ ಹತ್ತಿರದ ಬಣ್ಣಗಳನ್ನು ಬೇರೆ ಮಾಡಿ ನೋಡುವ ಶಕ್ತಿ ಇಳಿದಿದೆ. ರೆಟಿನಾದ ಹಗಲು ಪಾಳಿಯ ಆಳು ಕಮ್ಮಿಯಾದದ್ದು ಇಲ್ಲಿ ಕಾಣುತ್ತದೆ. ಇದಕ್ಕೆ ಕನ್ನಡಕವಿಲ್ಲ, ಮೆಲಟೋನಿನ್ ಕೊಟ್ಟರೆ ಸರಿಹೋಗುತ್ತದೆ ಅನ್ನಲು ಪುರಾವೆಯೂ ಇಲ್ಲ. ಲೆವೊಡೋಪಾ ಸರಿಯಾದ ಹೊತ್ತಿಗೆ, ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಹೋದರೆ ಕೆಲವರಿಗೆ ಸ್ವಲ್ಪ ಅನುಕೂಲವಾಗುತ್ತದೆ. ಉಳಿದದ್ದು ಮನೆಯ ಕೆಲಸ. ಕಡು ಬಣ್ಣದ ತಟ್ಟೆ, ಮೆಟ್ಟಿಲಿನ ಅಂಚಿಗೆ ಹಳದಿ ಟೇಪು, ಬಚ್ಚಲಿನ ಬಿಳಿ ಟೈಲ್ಸ್ ಮೇಲೆ ನೀಲಿ ಬಕೆಟ್ಟು. ಖರ್ಚಾಗಿದ್ದು ಟೇಪಿಗೆ ಮಾತ್ರ.

ನಾಲ್ಕನೆಯದು ಇಲ್ಲದ್ದು ಕಾಣುವುದು. ಮಬ್ಬಿನಲ್ಲಿ ಗೂಟಕ್ಕೆ ಹಾಕಿದ ಟವೆಲ್ ಮನುಷ್ಯನಾಗಿ ಕಾಣುತ್ತದೆ, ಮೂಲೆಯಲ್ಲಿ ಮಕ್ಕಳು ಕೂತ ಹಾಗಿರುತ್ತದೆ. ಗದರಬೇಡಿ, ದೆವ್ವ ಗಿವ್ವ ಅಂತ ಹೆದರಿಸಬೇಡಿ. ಕಾಯಿಲೆಯಿಂದಲೂ ಬರುತ್ತದೆ, ಔಷಧಿಯಿಂದಲೂ ಬರುತ್ತದೆ, ಡಾಕ್ಟರಿಗೆ ಹೇಳಲೇಬೇಕು. ರಾತ್ರಿ ಪೂರ್ತಿ ಕತ್ತಲು ಮಾಡಿದರೆ ಇದು ಜಾಸ್ತಿ, ಬಿಳಿ ದೀಪ ಹಾಕಿದರೆ ಮೆಲಟೋನಿನ್ ಇಳಿಯುತ್ತದೆ. ನಾವು ಬಚ್ಚಲ ದಾರಿಯಲ್ಲಿ, ನೆಲಕ್ಕೆ ಹತ್ತಿರ, ಕೆಂಪು ಜೀರೋ ಬಲ್ಬ್ ಹಾಕಿದೆವು. ಎರಡಕ್ಕೂ ಆಯಿತು.

ಕಣ್ಣಿನ ವಿಟಮಿನ್ ಕ್ಯಾಪ್ಸೂಲ್ ಬಗ್ಗೆ ಕೇಳುತ್ತಾರೆ, ಲ್ಯೂಟೀನ್ ಇರುವಂಥವು. 2013ರಲ್ಲಿ ಫಲಿತಾಂಶ ಬಂದ ದೊಡ್ಡ ಅಮೆರಿಕನ್ ಪರೀಕ್ಷೆಯ ಆಧಾರದ ಮೇಲೆ ಆ ಮಿಶ್ರಣವನ್ನು ಮಧ್ಯಮ ಹಂತದ ಮ್ಯಾಕ್ಯುಲಾ ಸವೆತ ಇರುವವರಿಗೆ ಕೊಡುತ್ತಾರೆ. ಅದು ಇಲ್ಲದಿದ್ದರೆ ಬೇಡ. ನಸುಗುನ್ನಿ ಪುಡಿ ಕೊಡುವವರೂ ಇದ್ದಾರೆ. ಅದರಲ್ಲಿ ಲೆವೊಡೋಪಾ ನಿಜವಾಗಿಯೂ ಇದೆ, ಹಾಗಾಗಿಯೇ ಮಾತ್ರೆಯ ಮೇಲೆ ಅದನ್ನೂ ಗುಟ್ಟಾಗಿ ಕೊಟ್ಟರೆ ಡೋಸ್ ಎರಡರಷ್ಟಾಗಬಹುದು.

ಮೆಲಟೋನಿನ್ ಯಾರಿಗೆ ಕೊಡುವ ಮುಂಚೆ ಎರಡು ಸಲ ಕೇಳಬೇಕು

ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು, ಬಿಪಿಗೆ ನಿಫೆಡಿಪಿನ್ ತಗೊಳ್ಳುವವರು, ಮನಸ್ಸಿನ ಕಾಯಿಲೆಗೆ ಫ್ಲುವೊಕ್ಸಮಿನ್ ತಗೊಳ್ಳುವವರು. ಫ್ಲುವೊಕ್ಸಮಿನ್ ಜೊತೆಯಂತೂ ಬೇಡವೇ ಬೇಡ, ಮೆಲಟೋನಿನ್ ಮಟ್ಟ ಎಷ್ಟೋ ಪಟ್ಟು ಏರುತ್ತದೆ. ಎದ್ದು ನಿಂತಾಗ ಬಿಪಿ ಇಳಿದು ತಲೆ ತಿರುಗುವವರು ಮೊದಲ ವಾರ ಒಬ್ಬರೇ ಏಳಬಾರದು.

ಕಣ್ಣಿನ ಕಡೆಯಿಂದ ಇನ್ನೂ ದೊಡ್ಡ ಎಚ್ಚರಿಕೆ ಬೇರೆ ಮಾತ್ರೆಯದು. ಕೈ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಕಣ್ಣು ಒಣಗಿಸುತ್ತದೆ, ಹತ್ತಿರದ್ದು ಮಸುಕು ಮಾಡುತ್ತದೆ, ಕಣ್ಣಿನೊಳಗಿನ ನೀರು ಹೊರಹೋಗುವ ಕೋನ ಕಿರಿದಾಗಿರುವವರಿಗೆ ಒತ್ತಡ ಏಕಾಏಕಿ ಏರಿಸಬಲ್ಲದು. ಕಣ್ಣು ಕೆಂಪಾಗಿ ಜೋರು ನೋವು, ದೀಪದ ಸುತ್ತ ಬಣ್ಣದ ಬಳೆ, ವಾಂತಿ, ಇಷ್ಟು ಕಂಡರೆ ನಾಳೆ ಅನ್ನಬೇಡಿ, ಆ ಗಳಿಗೆಯೇ ಆಸ್ಪತ್ರೆಗೆ ಹೋಗಿ.

ನಮ್ಮ ಮನೆಯಲ್ಲಿ ಈಗ ಹೀಗಿದೆ. ರಾತ್ರಿ ಒಂಬತ್ತಕ್ಕೆ ಸಾದಾ 3 ಮಿ.ಗ್ರಾಂ ಒಂದು, ಟ್ಯೂಬ್‌ಲೈಟ್ ಬಂದ್. ಹಗಲು ಪ್ರಿಸರ್ವೇಟಿವ್ ಇಲ್ಲದ ಹನಿ ಐದು ಸಲ. ಕರಿ ಫ್ರೇಮ್ ಓಡಾಡಲು, ಕಂದು ಫ್ರೇಮ್ ಓದಲು, ಕಂದು ಫ್ರೇಮಿಗೆ ಪ್ರಿಸಂ. ಅಪ್ಪಾಜಿ ಎರಡೂ ಕಣ್ಣು ಬಿಟ್ಟು ಪೇಪರ್ ಓದುತ್ತಾರೆ, ಹದಿನೈದು ನಿಮಿಷ. ಗಮ್ಮಿ ಡಬ್ಬಿಯನ್ನು ತಮ್ಮನಿಗೆ ವಾಪಸ್ ಕೊಟ್ಟೆ, ಯಾಕೆ ಅಂತ ಇದೆಲ್ಲ ಹೇಳಿಯೇ ಕೊಟ್ಟೆ, ಅವನು ಬೇಜಾರು ಮಾಡಿಕೊಳ್ಳಲಿಲ್ಲ.

ಬರುವ ತಿಂಗಳು ಎಡಗಣ್ಣಿನ ಪೊರೆ ಆಪರೇಷನ್ ಇದೆ. ಅಪ್ಪಾಜಿ ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತಗೊಳ್ಳುತ್ತಾರೆ, ಆ ಮಾತ್ರೆ ತಗೊಂಡವರ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆ ಆಪರೇಷನ್ ನಡುವೆ ಸಡಿಲವಾಗಬಹುದು, ಡಾಕ್ಟರಿಗೆ ಮುಂಚೆಯೇ ಗೊತ್ತಿದ್ದರೆ ತಯಾರಿ ಮಾಡಿಕೊಳ್ಳುತ್ತಾರೆ. ಎಲ್ಲಾ ಮಾತ್ರೆಗಳ ಹೆಸರು, ಹೊತ್ತು ಬರೆದ ಚೀಟಿ ಒಂದನ್ನು ಅಪ್ಪಾಜಿಯ ಅಂಗಿ ಜೇಬಿಗೆ, ಇನ್ನೊಂದನ್ನು ನನ್ನ ಪರ್ಸಿಗೆ ಹಾಕಿದ್ದೇನೆ. ಎರಡರಲ್ಲೂ ಮೊದಲನೇ ಸಾಲು ಟ್ಯಾಮ್ಸುಲೋಸಿನ್.